ಹಳೇ ಎಂ1911: ಕೋಲ್ಟ್, ಸ್ಪ್ರಿಂಗ್‌ಫೀಲ್ಡ್, ರೆಮಿಂಗ್ಟನ್ ಪೈಕಿ ಯಾವುದು?

ಅಮೆರಿಕದಲ್ಲಿದ್ದುಕೊಂಡು ಸಂಗ್ರಹಕ್ಕೆ ಒಂದೇ ಒಂದು ಆರಂಭದ ಕಾಲದ ಎಂ1911 (ಅಮೆರಿಕ ಸೇನೆ ಬಳಸಿದ ಪಿಸ್ತೂಲು) ಕೊಳ್ಳುವುದಾದರೆ ಯಾವ ತಯಾರಕರದ್ದು ಅಂತ ಕೇಳಿದ್ದೀರಿ.

ಮೊದಲು, ಯಾವುದು ಎಷ್ಟು ಸುಲಭವಾಗಿ ಸಿಗುತ್ತದೆ ಅನ್ನುವ ಮಾತು. ಕೋಲ್ಟ್ ಲಕ್ಷಗಟ್ಟಲೆ ತಯಾರಿಸಿತು, ಹಾಗಾಗಿ ಹುಡುಕುವುದು ಸುಲಭ. ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಕಾರ್ಖಾನೆ 1914ರಲ್ಲಿ ಶುರುಮಾಡಿ ಸುಮಾರು 25,000 ಮಾಡಿತು. ರೈಫಲ್ ಬೇಡಿಕೆ ಜಾಸ್ತಿಯಾದಾಗ ನಿಲ್ಲಿಸಿತು. ರೆಮಿಂಗ್ಟನ್-ಯುಎಂಸಿ 1918-19ರಲ್ಲಿ ಮಾಡಿದ್ದು 22,000ಕ್ಕೂ ಕಡಿಮೆ.

ಅಂದ ಬೇಕಾದರೆ 1912ರ ಆರಂಭದ ಕೋಲ್ಟ್. ಕನ್ನಡಿಯಂಥ ನೀಲಿ ಹೊಳಪು, ಸಣ್ಣ ಭಾಗಗಳಿಗೆ ಇನ್ನೂ ಉಜ್ವಲವಾದ ಬೆಂಕಿ-ನೀಲಿ (ಲೋಹ ಕಾಯಿಸಿ ಬರಿಸಿದ ಬಣ್ಣ). ಯುದ್ಧಕಾಲದವು ಇಷ್ಟು ನಯವಾಗಿಲ್ಲ. ಆದರೆ ಹೊಳಪು ಉಳಿದದ್ದಕ್ಕೆ ಬೆಲೆ ಜೋರು.

ಪಿಸ್ತೂಲಿನ ಮೇಲೆ ಕೊರೆದ ಕ್ರಮಸಂಖ್ಯೆಯ ನಂಬರ್ ಓದುವುದು ಸರಳವಾಗಿರಲಿ ಅಂದರೆ ರೆಮಿಂಗ್ಟನ್: ಅದರ ಎಣಿಕೆ 1ರಿಂದಲೇ ಶುರು. ಸ್ಪ್ರಿಂಗ್‌ಫೀಲ್ಡ್‌ನ ನಂಬರ್‌ಗಳು ಕೋಲ್ಟ್ ಸರಣಿಯ ಮಧ್ಯೆ ತುಂಡುತುಂಡಾಗಿ ಬರುತ್ತವೆ. ಸರ್ಕಾರಿ ಕಾರ್ಖಾನೆಯ ಕಥೆ ಇಷ್ಟವಿದ್ದು, ತಾಳ್ಮೆಯೂ ಇದ್ದರೆ ಅದನ್ನೇ ತಗೊಳ್ಳಿ.

ಮೂರಕ್ಕೂ ಒಂದೇ ಎಚ್ಚರ. ಸೇನೆ ಎಷ್ಟೋ ಪಿಸ್ತೂಲುಗಳ ಸ್ಲೈಡ್ (ಹಿಂದೆಮುಂದೆ ಸರಿಯುವ ಮೇಲ್ಭಾಗ), ಬ್ಯಾರೆಲ್ (ನಳಿಗೆ) ಬದಲಿಸಿ ಬೂದು ಲೇಪ ಹಾಕಿಸಿತ್ತು. ಸ್ಲೈಡ್ ಮೇಲಿನ ಹೆಸರು, ಫ್ರೇಮಿನ (ಹಿಡಿಯಿರುವ ಕೆಳಭಾಗದ) ನಂಬರ್ ಹೊಂದುತ್ತವಾ ನೋಡಿಯೇ ದುಡ್ಡು ಕೊಡಿ.