ಗಿಲ್ಲೋಸ್ ಮುದ್ರೆ ಇದೆ ಅಂತ ನಂಬಿ ದುಡ್ಡು ಕೊಡಬೇಡಿ

ಇಂಗ್ಲೆಂಡಿನಲ್ಲಿದ್ದು ಹಳೇ ಕಾಲದ ಮೇಜು ಕುರ್ಚಿ ಕೊಳ್ಳುವ ಆಸೆ ಇರುವವರು ದಯವಿಟ್ಟು ಇದನ್ನು ಓದಿ. ಚೆಷೈರಿನ ದೊಡ್ಡ ಬಂಗಲೆಯೊಂದರಿಂದ ಬಂದ ರೀಜೆನ್ಸಿ ಕಾಲದ (19ನೇ ಶತಮಾನದ ಆರಂಭದ) ಸೋಫಾ ಟೇಬಲ್, ಅಂದರೆ ಸೋಫಾದ ಮುಂದೆ ಇಡುವ ಉದ್ದನೆಯ ಮೇಜು, 1815ರ ಸುಮಾರಿನದು, ಲ್ಯಾಂಕಾಸ್ಟರಿನ ಹೆಸರಾಂತ ಮೇಜು ಕುರ್ಚಿ ತಯಾರಕರಾದ ಗಿಲ್ಲೋಸ್ ಅವರೇ ಮಾಡಿದ್ದು ಎಂದು ಹೇಳಿ ಒಬ್ಬ ವ್ಯಾಪಾರಿ ನಮಗೆ ಮಾರಿದ. ಡ್ರಾಯರಿನ ಮೇಲಂಚಿನಲ್ಲಿ ಅವರ ಹೆಸರಿನ ಮುದ್ರೆ ಇತ್ತು. ಜೊತೆಗೆ ಬಂಗಲೆಯ ಹಳೇ ಸಾಮಾನು ಪಟ್ಟಿಯ ಜೆರಾಕ್ಸ್ ಬೇರೆ. ಸಾವಿರಾರು ಪೌಂಡ್ ಕೊಟ್ಟೆವು.

ಕಾಲು ಅಲುಗಾಡುತ್ತಿದೆ ಅಂತ ರಿಪೇರಿಗೆ ಕೊಟ್ಟಾಗ ಬಣ್ಣ ಬಯಲಾಯಿತು. ರಿಪೇರಿಯವರು ಟೇಬಲ್ ಮಗುಚಿ ಟಾರ್ಚ್ ಬಿಟ್ಟು ತೋರಿಸಿದರು. ಹಲಗೆಯ ಅಡಿಯಲ್ಲಿ ಬಾಗಿದ ಗೀರುಗಳಿದ್ದವು, ಅಂದರೆ ದುಂಡು ಗರಗಸದಲ್ಲಿ ಕೊಯ್ದದ್ದು. ಅದೊಂದೇ ಆಗಿದ್ದರೆ ಬಿಡಬಹುದಿತ್ತು, ಆ ಕಾಲದಲ್ಲೂ ಅಲ್ಲೊಂದು ಇಲ್ಲೊಂದು ಅಂಥ ಗರಗಸ ಇತ್ತು. ಆದರೆ ಸ್ಕ್ರೂಗಳೆಲ್ಲ ಚೂಪು ತುದಿಯವು, ಅವು ಬಳಕೆಗೆ ಬಂದದ್ದೇ 1840ರ ದಶಕದ ನಂತರ. ಆಮೇಲೆ ಯಾರೋ ಬದಲಾಯಿಸಿರಬಹುದು ಅಂದರೆ ಹಳೇ ಸ್ಕ್ರೂವಿನ ಒಂದು ತೂತಾದರೂ ಕಾಣಬೇಕಲ್ವಾ? ಎಲ್ಲೂ ಇರಲಿಲ್ಲ. ಇನ್ನು ಆ ಮುದ್ರೆ! ಸುತ್ತಲಿನ ಮರ ಕಪ್ಪಾಗಿದೆ, ಅಕ್ಷರಗಳ ಒಳಗೆ ಮಾತ್ರ ಹೊಸ ಮರದ ಬಣ್ಣ.

ಬಂಗಲೆಯ ಪಟ್ಟಿಯಲ್ಲಿ ಇದ್ದದ್ದು ರೋಸ್‌ವುಡ್ ಸೋಫಾ ಟೇಬಲ್ ಒಂದು ಎಂದಷ್ಟೇ. ಅಳತೆ ಇಲ್ಲ, ಮಾಡಿದವರ ಹೆಸರಿಲ್ಲ. ಅಂಥ ಟೇಬಲ್ ಆಗಿನ ಎಷ್ಟೋ ಶ್ರೀಮಂತರ ಮನೆಗಳಲ್ಲಿತ್ತು. ನಿಜವಾದ ಪುರಾವೆ ಹೇಗಿರುತ್ತದೆ ಅಂತ ನೋಡಬೇಕಾದರೆ ವಿಲ್ಟ್‌ಶೈರಿನ ಸ್ಟೌರ್‌ಹೆಡ್‌ಗೆ ಹೋಗಿ. ಹೆಸರಾಂತ ಬಡಗಿ ಕಿರಿಯ ಥಾಮಸ್ ಚಿಪ್ಪೆಂಡೇಲ್ ಆ ಬಂಗಲೆಗೆ ಮಾಡಿಕೊಟ್ಟ ಸಾಮಾನೂ ಉಳಿದಿದೆ, ಬಿಲ್ಲುಗಳೂ ಉಳಿದಿವೆ. ಗಿಲ್ಲೋಸ್ ಅವರದ್ದೂ ಹಾಗೆಯೇ, ಸಾಮಾನಿನ ಚಿತ್ರ, ಮರ, ಕೂಲಿ ಎಲ್ಲ ಬರೆದಿಟ್ಟ ಪುಸ್ತಕಗಳು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಿಟಿ ಆರ್ಕೈವ್ಸ್‌ನಲ್ಲಿವೆ. ನಮ್ಮ ವ್ಯಾಪಾರಿ ಅದನ್ನು ತೆಗೆದು ನೋಡುವ ಗೋಜಿಗೇ ಹೋಗಿರಲಿಲ್ಲ.

ದುಡ್ಡು ವಾಪಸ್ ಕೇಳಿದರೆ ಬಿಲ್ಲು ತೋರಿಸಿದ. ಅಂಗಡಿಯಲ್ಲಿ ಟೇಬಲ್ಲಿಗೆ ಹಾಕಿದ್ದ ಚೀಟಿಯಲ್ಲಿ ಗಿಲ್ಲೋಸ್ ಅಂತಲೇ ಇತ್ತು, ಬಿಲ್ಲಿನಲ್ಲಿ ಮೆಲ್ಲಗೆ ಗಿಲ್ಲೋಸ್ ಶೈಲಿಯದು ಎಂದು ಬದಲಾಯಿಸಿದ್ದ. ಶೈಲಿ ಅಂದರೆ ನೂರು ವರ್ಷ ಆಮೇಲೆ ಮಾಡಿದ್ದಕ್ಕೂ ಸಲ್ಲುತ್ತದೆ, ನೋಡಿ. ಇದು ಶುದ್ಧ ಮೋಸ, ಬೇರೆ ಹೆಸರಿಲ್ಲ. ಅಂಗಡಿಯ ಚೀಟಿಯ ಫೋಟೊ ತೆಗೆದಿಟ್ಟಿದ್ದರಿಂದ ಜಗಳ ಇನ್ನೂ ನಡೆದಿದೆ.

ನೀವು ಕೊಳ್ಳುವಾಗ ಚೀಟಿಯ ಫೋಟೊ ತೆಗೆದುಕೊಳ್ಳಿ, ಟೇಬಲ್ ಮಗುಚಿ ತೋರಿಸಲು ಹೇಳಿ. ಯಾರು ಮಾಡಿದ್ದು, ಯಾವ ಕಾಲದ್ದು, ಯಾವ ಆಧಾರದ ಮೇಲೆ ಹೇಳುತ್ತಿದ್ದಾರೆ ಎಂಬುದನ್ನು ದುಡ್ಡು ಕೊಡುವ ಮೊದಲೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಸುಮ್ನೆ ಎದ್ದು ಬನ್ನಿ.