ಏಕರೂಪ ಶುಲ್ಕವೋ, ಆದಾಯಕ್ಕೆ ತಕ್ಕ ಲೆವಿಯೋ?

ಪಕ್ಷದ ಬೊಕ್ಕಸ ಬರಿದಾದಾಗ ಖಜಾಂಚಿಗೆ ಮೊದಲು ಹೊಳೆಯುವುದು ಎಲ್ಲರ ಸದಸ್ಯತ್ವ ಶುಲ್ಕ ಏರಿಸುವುದು. ಲೆಕ್ಕ ಸರಳ, ರಸೀದಿ ಪುಸ್ತಕವೂ ಒಂದೇ. ಆದರೆ 100 ಇದ್ದದ್ದು 150 ಆದಾಗ ಮೂವರಲ್ಲಿ ಒಬ್ಬರು ನವೀಕರಿಸದಿದ್ದರೆ ಗಳಿಕೆ ಸೊನ್ನೆ: 900 ಜನ ಕೊಡುತ್ತಿದ್ದ 90,000 ಈಗ 600 ಜನರಿಂದ ಬರುತ್ತದೆ, ಅಷ್ಟೇ. ಕರಪತ್ರ ಹಿಡಿದು ಮನೆಮನೆ ಸುತ್ತುತ್ತಿದ್ದ ಕಾಲುಗಳು ಹೋದದ್ದು ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ. ವಿದ್ಯಾರ್ಥಿ, ನಿವೃತ್ತರಿಗೆ ರಿಯಾಯಿತಿ ಇಲ್ಲದೆ ಈ ದಾರಿ ಹಿಡಿಯಬೇಡಿ.

ಕಮ್ಯುನಿಸ್ಟ್ ಪಕ್ಷಗಳಲ್ಲಿ ರೂಢಿಯಲ್ಲಿರುವ ಲೆವಿ, ಅಂದರೆ ಆದಾಯದ ಹಂತಕ್ಕೆ ತಕ್ಕಂತೆ ಸದಸ್ಯರು ಕೊಡುವ ಹಣ, ಹೆಚ್ಚು ನ್ಯಾಯದ್ದು, ವಸೂಲಿ ಮಾತ್ರ ತಲೆನೋವು. ಆದಾಯವನ್ನು ಸದಸ್ಯರೇ ಹೇಳಬೇಕು. ಬಹಳಷ್ಟು ಜನ ಕೆಳಗಿನ ಹಂತಕ್ಕೇ ಗುರುತು ಹಾಕುತ್ತಾರೆ. ಮೂರಕ್ಕಿಂತ ಹೆಚ್ಚು ಹಂತ ಬೇಡ. ಅರ್ಜಿಯಲ್ಲಿ ನಡುವಿನ ಹಂತವನ್ನು ಮೊದಲೇ ಮುದ್ರಿಸಿ, ಬೇಕಾದವರು ತಿದ್ದಿಕೊಳ್ಳಲಿ. ವರ್ಷಕ್ಕೊಮ್ಮೆ ಕೇಳುವ ಬದಲು ಬ್ಯಾಂಕಿನಿಂದ ತಿಂಗಳಿಗೊಮ್ಮೆ ತಾನಾಗಿ ಕಡಿತವಾಗುವಂತೆ ಮಾಡಿ.

ಯಾವುದೇ ಆಯ್ದರೂ ಸ್ಥಳೀಯ ಘಟಕದ ಪಾಲನ್ನು ಮೊದಲೇ ಬರೆದಿಡಿ. ಏರಿಕೆಯೆಲ್ಲ ಕೇಂದ್ರ ಕಚೇರಿಗೇ ಹೋದರೆ ಘಟಕದವರು ವಸೂಲಿಗೆ ಹೊರಡುವುದಿಲ್ಲ.

ಸಂಬಳದ ಲೆಕ್ಕಿಗರಿಲ್ಲದ ಸಣ್ಣ ಪಕ್ಷಕ್ಕೆ ರಿಯಾಯಿತಿಯ ಏಕರೂಪ ಶುಲ್ಕವೇ ಸರಿ. ಕೊರತೆ ಒಂದು ಚುನಾವಣೆಯ ಸಾಲ ಮಾತ್ರವಾದರೆ ಎರಡೂ ಬೇಡ. ಒಂದು ಬಾರಿಯ ವಿಶೇಷ ದೇಣಿಗೆ ಕೇಳಿ.