ತುಕ್ಕು ನಿಜದ್ದೋ ಬಣ್ಣದ್ದೋ, ಹತ್ತುವ ಮೊದಲು ನೋಡಿ

ಹೋದ ವಾರ ಗೆಳೆಯನ ಜೊತೆ ಒಂದು ಪಾರ್ಕಿಗೆ ಹೋಗಿದ್ದೆ. ಹಳೇ ಕಾಲದ ಊರಿನ ಹಾಗೆ ಕಟ್ಟಿ, ಅದರೊಳಗೆ ಆಟಗಳನ್ನು ಇಟ್ಟಿರುತ್ತಾರಲ್ಲ, ಅಂಥದ್ದು. ಬರುವಾಗ ಎಡ ಮಂಡಿಯ ಮೇಲೆ ಅಂಗೈಯಗಲ ನೀಲಿ ಬಾವು ತಂದೆ. ಮೂಳೆಗೆ ಏನೂ ಆಗಿಲ್ಲ. ಪಾರ್ಕಿನ ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದರ ದಾರಿ ಅದಕ್ಕೆ. ಆದರೆ ಇಂಥ ಪಾರ್ಕುಗಳು ಬೇಕಾದಷ್ಟಿವೆ, ನೀವೂ ಮಕ್ಕಳನ್ನು ಕರೆದುಕೊಂಡು ಹೋಗುವವರೇ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಗೆಳೆಯನ ವಿಷಯ ಹೇಳಬೇಕು. ಅವನು ಲಿಫ್ಟ್ ರಿಪೇರಿ ಮಾಡುವವನು. ಯಾವ ಕಟ್ಟಡಕ್ಕೆ ಹೋದರೂ ಲಿಫ್ಟಿನ ಬಾಗಿಲು ಮುಚ್ಚುವ ಸದ್ದಿಗೆ ಕಿವಿ ಕೊಡುವ ಪ್ರಾಣಿ. ಅವನ ಜೊತೆ ಆಟದ ಪಾರ್ಕಿಗೆ ಹೋಗುವುದೆಂದರೆ ಅಡುಗೆ ಭಟ್ಟರ ಜೊತೆ ಮದುವೆ ಊಟಕ್ಕೆ ಕೂತ ಹಾಗೆ. ಆವತ್ತು ಅವನಿದ್ದದ್ದು ನನ್ನ ಪುಣ್ಯ.

ಒಳಗೆ ಹೋದ ಕೂಡಲೇ ಹಳೇ ಪೇಟೆ ಬೀದಿ. ಕಲ್ಲಿನ ಕಂಬ ತಟ್ಟಿದರೆ ಡಬ್ ಡಬ್ ಅನ್ನುತ್ತದೆ, ಫೈಬರ್. ಕುಂಬಾರನ ಚಕ್ರದ ಕೆಳಗೆ ಮೋಟಾರು ಗುಂಯ್‌ಗುಡುತ್ತಿತ್ತು. ಮಡಕೆ ಮೊದಲೇ ತಯಾರಾಗಿತ್ತು, ನಾವು ಕೈಯಿಟ್ಟು ಫೋಟೋ ತೆಗೆಸಿಕೊಂಡರೆ ಮುಗಿಯಿತು. ನನಗೆ ಜಾಸ್ತಿ ನಗು ಬಂದದ್ದು ಮಗ್ಗ ನೋಡಿ. ಉದ್ದಕ್ಕೆ ಹಾಸು ಕಟ್ಟಿದ್ದರು, ಅಡ್ಡಕ್ಕೆ ಹೊಕ್ಕಿನ ಒಂದೆಳೆಯೂ ಇಲ್ಲ. ಲಾಳಿಯನ್ನು ಯಾರೂ ಎತ್ತಿಕೊಂಡು ಹೋಗದಿರಲಿ ಅಂತ ಚೌಕಟ್ಟಿಗೆ ಮೊಳೆ ಹೊಡೆದು ಕೂರಿಸಿದ್ದರು. ಇರಲಿ. ಸ್ಟಾಕ್‌ಹೋಮ್‌ನ ಸ್ಕಾನ್ಸೆನ್‌ ಅನ್ನುವ ಬಯಲು ಮ್ಯೂಸಿಯಮ್ಮಿನಲ್ಲಿ 1891ರಲ್ಲೇ ಸ್ವೀಡನ್ನಿನ ಬೇರೆ ಬೇರೆ ಕಡೆಯಿಂದ ನಿಜವಾದ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದ್ದರಂತೆ. ಆಟದ ಪಾರ್ಕಿನಲ್ಲಿ ಅದನ್ನು ಹುಡುಕಿದರೆ ತಪ್ಪು ನಮ್ಮದೇ. 'ಎಲ್ಲಾ ಆಟ ಸೇರಿ' ಅಂತ ಟಿಕೆಟ್ ಕೊಟ್ಟು, ಕೈಗೆ ಪಟ್ಟಿ ಕಟ್ಟಿದ ಮೇಲೆ ಮೂರು ಆಟ ಬಂದ್ ಅಂದರು. ಅದನ್ನೂ ನುಂಗಿಕೊಂಡೆವು.

ಸಮಸ್ಯೆ ಶುರುವಾದದ್ದು ಗಣಿ ಬಂಡಿಯಲ್ಲಿ.

ನೂರು ವರ್ಷದ ಹಿಂದಿನ ಗಣಿ ಅನ್ನುವ ವೇಷ ಅದಕ್ಕೆ. ಮರದ ತೊಲೆಗಳು, ನೇತಾಡುವ ಲಾಂದ್ರ, ಮಂದ ಬೆಳಕು. ಒಳಗಿರುವುದು ಸಣ್ಣ ರೋಲರ್ ಕೋಸ್ಟರ್. ಬಂಡಿಗಳಿಗೆ ಮೈಯೆಲ್ಲಾ ತುಕ್ಕು ಹಿಡಿದ ಹಾಗೆ ಬಣ್ಣ ಬಳಿದಿದ್ದರು. ಬಣ್ಣ ಬಳಿದವನು ಕೈ ಪಳಗಿದವನೇ. ಬೋಲ್ಟಿನ ಸುತ್ತ ಕಂದು ಸೋರಿಕೆ, ಬೆಸುಗೆಯ ಮೇಲೆ ಬಿರುಕಿನ ಗೆರೆ, ಎಲ್ಲಾ ಬರೆದಿದ್ದ. ಗೆಳೆಯ ಸಾಲಿನಲ್ಲಿ ನಿಂತೇ ಮುಖ ಸಿಂಡರಿಸಿದ.

"ಇದು ಚೆನ್ನಾಗಿಲ್ಲ ಕಣೋ."

"ಏನು, ಪೇಂಟಿಂಗಾ?"

"ಪೇಂಟಿಂಗ್ ಚೆನ್ನಾಗಿರೋದೇ ತೊಂದರೆ. ಬೆಳಿಗ್ಗೆ ಚೆಕ್ ಮಾಡೋಕೆ ಬಂದವನಿಗೆ ನಿಜವಾದ ಬಿರುಕು ಯಾವುದು ಅಂತ ಹೆಂಗೆ ಗೊತ್ತಾಗಬೇಕು?"

ನಾನು ನಕ್ಕೆ. ಆ ನಗುವಿಗೆ ಆಮೇಲೆ ಬೇಕಾದಷ್ಟು ದಂಡ ಕಟ್ಟಿದೆ.

ಬಂಡಿ ಬಂತು. ತೊಡೆಯ ಮೇಲೆ ಇಳಿಸಿಕೊಳ್ಳುವ ಕಂಬಿ. ಅವನದ್ದು ಎಳೆದಾಗ ಕಟ್ ಕಟ್ ಕಟ್ ಅಂತ ಮೂರು ಸಲ ಕಚ್ಚಿಕೊಂಡಿತು. ನನ್ನದು ಒಂದೇ ಸಲ ಕಟ್ ಅಂದು ನಿಂತಿತು. ಕಂಬಿಗೂ ತೊಡೆಗೂ ನಡುವೆ ಒಂದು ಗೇಣು ಸಂದು. ಆಟ ನಡೆಸುವ ಹುಡುಗನನ್ನು ಕರೆದೆ. ಅವನಿಗೆ ಗಣಿ ಕೂಲಿಯ ವೇಷ, ಒಂದು ಕೈಯಲ್ಲಿ ಲಾಂದ್ರ. ಇನ್ನೊಂದು ಕೈಯಲ್ಲಿ ಕಂಬಿಯನ್ನು ಒಂದು ಸಲ ತಟ್ಟಿದ. "ಹಳೇ ಕಾಲದ್ದಲ್ವಾ ಸಾರ್, ಹಿಂಗೇ ಇರೋದು. ಗಟ್ಟಿಯಾಗಿ ಹಿಡ್ಕೊಳ್ಳಿ" ಅಂತ ಹೇಳಿ ಹೋದ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನೊಬ್ಬನೇ ಸಾಲು ನೋಡಬೇಕು, ಕೂರಿಸಬೇಕು, ಕಂಬಿ ನೋಡಬೇಕು, ಹೋಗಿ ಗುಂಡಿ ಒತ್ತಬೇಕು. ಅಷ್ಟರ ಮೇಲೆ ಲಾಂದ್ರ ಬೇರೆ. ಪ್ರತಿ ಕಂಬಿಯನ್ನೂ ಕೆಳಕ್ಕೆ ಒತ್ತಿ, ಆಮೇಲೆ ಮೇಲಕ್ಕೆ ಎಳೆದು ನೋಡಬೇಕು, ಎರಡೂ ಮಾಡಿದರೇ ಚೆಕ್ ಮಾಡಿದ ಹಾಗೆ ಅಂತ ಗೆಳೆಯ ಆಮೇಲೆ ಹೇಳಿದ. ಮೇಲಕ್ಕೆ ಎಳೆಯುವುದನ್ನು ಬಿಟ್ಟರೆ ಅದು ಚೆಕ್ಕೇ ಅಲ್ಲ. ಲಾಂದ್ರ ಹಿಡಿದ ಕೈಯಲ್ಲಿ ಅದು ಆಗುವ ಕೆಲಸವಲ್ಲ.

ನಾನು ಆಗಲೇ ಇಳಿಯಬೇಕಿತ್ತು. ಹಿಂದೆ ಅಷ್ಟೊಂದು ಜನ ಕಾಯುತ್ತಿದ್ದರು, ನಾಚಿಕೆಯಾಯಿತು. ಸುಮ್ನೆ ಕೂತೆ. ನನ್ನ ಕಡೆಯ ತಪ್ಪು ಅದೊಂದು.

ಬಂಡಿ ಟಕ ಟಕ ಟಕ ಅನ್ನುತ್ತಾ ಏರಿತು. ಆ ಸದ್ದು ಹೆದರಿಸಲಿಕ್ಕೆ ಇಟ್ಟದ್ದು ಅಂತ ನಾನು ತಿಳಿದಿದ್ದೆ. ಅಲ್ಲವಂತೆ. ಏರು ಹಳಿಯುದ್ದಕ್ಕೂ ಹಲ್ಲುಗಳಿರುತ್ತವೆ, ಬಂಡಿಯ ಅಡಿಯ ಕೊಂಡಿ ಒಂದೊಂದು ಹಲ್ಲನ್ನೂ ದಾಟಿ ಬೀಳುತ್ತದೆ. ಸರಪಳಿ ತುಂಡಾದರೂ ಬಂಡಿ ಹಿಂದಕ್ಕೆ ಜಾರಬಾರದು ಅಂತ ಈ ಏರ್ಪಾಡು. 1854ರಲ್ಲಿ ನ್ಯೂಯಾರ್ಕಿನಲ್ಲಿ ಲಿಫ್ಟ್ ತಯಾರಕ ಎಲಿಷಾ ಓಟಿಸ್ ತಾನು ನಿಂತ ಲಿಫ್ಟಿನ ಹಲಗೆಯ ಹಗ್ಗವನ್ನು ಜನರೆದುರೇ ಕಡಿಸಿ, ಬೀಳದೆ ನಿಂತು ತೋರಿಸಿದ್ದು ಹೆಚ್ಚುಕಮ್ಮಿ ಇದೇ ಉಪಾಯದಿಂದ. ಈ ಕಥೆಯನ್ನು ನಮ್ಮ ಲಿಫ್ಟ್ ಸಾಹೇಬರು ನನಗೆ ಹತ್ತು ಸಲವಾದರೂ ಹೇಳಿದ್ದಾರೆ. ಆವತ್ತು ಅರ್ಧಕ್ಕೇ ನಿಲ್ಲಿಸಿದರು. ತಿರುಗಿ ನೋಡಿದರೆ ಅವನ ಕಣ್ಣು ನನ್ನ ಕಂಬಿಯ ಮೇಲಿತ್ತು.

ಮೊದಲ ಇಳಿಜಾರಿನಲ್ಲೇ ಕಂಬಿ ಎದ್ದುಕೊಂಡಿತು.

ಪೂರ್ತಿ ಅಲ್ಲ, ಇನ್ನೊಂದು ಗೇಣು ಅನ್ನಿ. ಆದರೆ ತುದಿ ದಾಟಿ ಕೆಳಗೆ ಧುಮುಕುವಾಗ ಮೈ ಸೀಟು ಬಿಡುತ್ತದಲ್ಲ, ಆಗ ನನ್ನನ್ನು ಹಿಡಿದಿದ್ದು ಕಂಬಿಯಲ್ಲ, ಗೆಳೆಯನ ಬಲಗೈ. ನನ್ನ ಬೆಲ್ಟಿಗೆ ಕೈ ಹಾಕಿ ಹಿಡಿದಿದ್ದ. ತಿರುವಿನಲ್ಲಿ ಮಂಡಿ ಮುಂದಿನ ತಗಡಿಗೆ ಹೊಡೆಯಿತು. ಎಲ್ಲಾ ಸೇರಿ ಒಂದು ನಿಮಿಷದ ಆಟವೂ ಇರಲಿಲ್ಲ. ಇಳಿದಾಗ ಅವನ ಬೆರಳಿನ ಗೆಣ್ಣುಗಳು ಬಿಳಿಚಿಕೊಂಡಿದ್ದವು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮ್ಯಾನೇಜರ್ ಬಂದರು. ಒಳ್ಳೆಯ ಮಾತಿನ ಮನುಷ್ಯ. "ಅದು ಹೆರಿಟೇಜ್ ಎಫೆಕ್ಟ್ ಸಾರ್. ಅಲುಗಾಡೋದು, ಕಿರ್ ಅನ್ನೋದು, ಎಲ್ಲಾ ಬೇಕಂತಲೇ ಇಟ್ಟಿರೋದು" ಅಂದರು. ಗೆಳೆಯ ಅಲ್ಲಿಗೆ ಸಿಡಿದ. ನಿಜವಾಗಿ ಹಳೆಯದಾದ ರೋಲರ್ ಕೋಸ್ಟರುಗಳು ಇವೆ. ಮೆಲ್ಬರ್ನಿನ ಲೂನಾ ಪಾರ್ಕಿನದು 1912ರದ್ದು. ಅದರ ಬಂಡಿಯಲ್ಲಿ ಬ್ರೇಕ್ ಹಾಕುವುದಕ್ಕೇ ಒಬ್ಬ ಮನುಷ್ಯ ನಿಂತಿರುತ್ತಾನೆ. ಹಳಿಯ ಅಡಿಗೂ ಚಕ್ರ ಕೊಟ್ಟು ಬಂಡಿ ಮೇಲಕ್ಕೆ ಹಾರದಂತೆ ಮಾಡುವ ಉಪಾಯಕ್ಕೆ ಜಾನ್ ಮಿಲ್ಲರ್ ಪೇಟೆಂಟ್ ಪಡೆದದ್ದು 1919ರಲ್ಲಿ. "ಹಳೇ ಕಾಲದವರಿಗೆ ಜನ ಬೀಳಬಾರದು ಅಂತ ಇದ್ದ ಚಿಂತೆ ನಿಮಗಿಲ್ಲವಲ್ಲ ಸ್ವಾಮಿ" ಅಂದ. ಮ್ಯಾನೇಜರ್ ಟಿಕೆಟ್ಟಿನ ಹಿಂದಿನ ಸಣ್ಣ ಅಕ್ಷರ ತೋರಿಸಿದರು. ನಿಮ್ಮ ಜವಾಬ್ದಾರಿ ನಿಮ್ಮದು ಅನ್ನುವ ಅರ್ಥದ ನಾಲ್ಕು ಸಾಲು.

ಈಗ ಹೇಳುವುದನ್ನು ದಯವಿಟ್ಟು ನೆನಪಿಡಿ. ಮಂಡಿಗೆ ಐಸ್ ಇಡುತ್ತಾ ಅಲ್ಲಿನ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಒಂದು ಹಾಳೆ ಮುಂದಿಟ್ಟರು. "ಸುಮ್ನೆ ಒಂದು ಫಾರ್ಮಾಲಿಟಿ ಸಾರ್." ಓದಿದರೆ, ಆಟದ ವೇಳೆ ಸೂಚನೆ ಪಾಲಿಸದೆ ನಾನೇ ಗಾಯ ಮಾಡಿಕೊಂಡೆ ಅಂತ ಮೊದಲೇ ಅಚ್ಚು ಹಾಕಿದ ಸಾಲು. ಹೆಸರು, ಸಹಿಗೆ ಮಾತ್ರ ಖಾಲಿ ಜಾಗ. ನೋವಿನಲ್ಲಿರುವಾಗ ಇಂಥದ್ದಕ್ಕೆ ಸಹಿ ಹಾಕಿಬಿಡುವುದು ಸುಲಭ. ನಾನು ಹಾಕಲಿಲ್ಲ. ಹಾಳೆಯ ಫೋಟೋ ತೆಗೆದುಕೊಂಡೆ. ಹೊರಗೆ ಬಂದು ಬಂಡಿಯ ನಂಬರು, ಸೀಟು, ಸಮಯ ಬರೆದುಕೊಂಡೆ. ಕಂಬಿಯ ಫೋಟೋ ತೆಗೆಯೋಣ ಅಂತ ಹೋದರೆ ಅದೇ ಬಂಡಿ, ಅದೇ ಸೀಟಿನಲ್ಲಿ ಒಂದು ಮಗುವನ್ನು ಕೂರಿಸಿಕೊಂಡು ಏರುತ್ತಿತ್ತು. ಕಾಲು ಗಂಟೆಯೂ ಆಗಿರಲಿಲ್ಲ. ಗೆಳೆಯ ಕಟಕಟೆಯ ಹತ್ತಿರ ನಿಂತು, ಆ ಬಂಡಿ ವಾಪಸ್ ಬರುವ ತನಕ ಅಲ್ಲಾಡಲಿಲ್ಲ. ಬಂದ ಮೇಲೆ ಅಡ್ಡ ನಿಂತು ಜಗಳವಾಡಿದ. ಕೊನೆಗೆ ಆ ಒಂದು ಸೀಟಿಗೆ ಹಗ್ಗ ಕಟ್ಟಿದರು. ಅದೂ ಅಲಂಕಾರಕ್ಕೆ ಇಟ್ಟಿದ್ದ ಸೆಣಬಿನ ಹಗ್ಗ.

ಮನೆಗೆ ಬರುವ ದಾರಿಯಲ್ಲಿ ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಸಾಲಿನಲ್ಲಿ ಕಾಯುವ ಹೊತ್ತಿಗೆ ಮೊಬೈಲ್ ನೋಡಬೇಡಿ, ಕೂರಿಸುವವನ ಕೈ ನೋಡಿ. ಅವನು ಎಲ್ಲಾ ಕಂಬಿಯನ್ನೂ ಎಳೆದು ನೋಡುತ್ತಾನೋ, ಸುಮ್ನೆ ತಟ್ಟಿ ಹೋಗುತ್ತಾನೋ ಎರಡು ಸರದಿ ನೋಡಿದರೆ ಗೊತ್ತಾಗುತ್ತದೆ. ಕೂತ ಮೇಲೆ ಕಂಬಿಯನ್ನು ನೀವೇ ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿ. ಕೆಲವು ಕಂಬಿಗಳು ಸದ್ದಿಲ್ಲದೆ ಕಚ್ಚಿಕೊಳ್ಳುತ್ತವೆ, ಆದ್ದರಿಂದ ಸದ್ದನ್ನು ನಂಬಬೇಡಿ, ಎಳೆತವನ್ನು ನಂಬಿ. ತೆಳ್ಳಗಿನ ಮಕ್ಕಳನ್ನು ದಪ್ಪಗಿರುವ ದೊಡ್ಡವರ ಜೊತೆ ಇಬ್ಬರಿಗೂ ಸೇರಿದ ಒಂದೇ ಕಂಬಿಯಡಿ ಕೂರಿಸಲೇಬೇಡಿ. ಕಂಬಿ ದೊಡ್ಡವರ ತೊಡೆಗೆ ತಾಗಿ ನಿಲ್ಲುತ್ತದೆ, ಮಗುವಿನ ಹತ್ತಿರ ಗಾಳಿ ಮಾತ್ರ. ಅನುಮಾನ ಬಂದರೆ ಇಳಿಯಿರಿ. ಹಿಂದಿನವರು ಬೈದುಕೊಳ್ಳಲಿ. ನಿಯಂತ್ರಿಸುವವನು ದೂರದಲ್ಲಿದ್ದರೆ ಎರಡೂ ಕೈ ತಲೆಯ ಮೇಲೆ ಅಡ್ಡ ಹಿಡಿದು ಕೂಗಿ.

ಇನ್ನೊಂದು ಕೇಳಿದೆ. ಆ ಬಳಿದ ತುಕ್ಕಿನಲ್ಲಿ ನಿಜವಾದ ತುಕ್ಕನ್ನು ಕಂಡುಹಿಡಿಯುವುದು ಹೇಗೆ?

"ಬೆರಳಲ್ಲಿ ಉಜ್ಜಿ ನೋಡು. ಒಣಗಿದ ಪೇಂಟ್ ಕೈಗೆ ಹತ್ತಲ್ಲ. ತುಕ್ಕು ಹತ್ತುತ್ತೆ."

ಅಷ್ಟು ಹೇಳಿ ಅವನು ಸುಮ್ಮನಾದ. ಮನೆಗೆ ಬಂದು ಬಟ್ಟೆ ಬದಲಿಸುವಾಗ ನೋಡಿದೆ. ಪ್ಯಾಂಟಿನ ಮಂಡಿಯ ಹತ್ತಿರ, ತಗಡಿಗೆ ಹೊಡೆದ ಜಾಗದಲ್ಲೇ, ಉದ್ದಕ್ಕೆ ಒಂದು ಕಂದು ಗೆರೆ. ಅವನಿಗೆ ಫೋಟೋ ಕಳಿಸಿದೆ. "ಒಗೀಬೇಡ, ಹಾಗೇ ಎತ್ತಿಡು" ಅಂತ ಉತ್ತರ ಬಂತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೂರಿನ ಕಾಗದದ ಜೊತೆ ಇಟ್ಟಿದ್ದೇನೆ.